ಉಯ್ಯಂಬಳ್ಳಿಯ ನವರಂಗವನ್ನು ಹುಡುಕಿಕೊಂಡು ನೇಪಾಳಕ್ಕೆ

ನೇಪಾಳಕ್ಕೆ ಹೋಗಿಬಂದೆ ಅಂದಕೂಡಲೇ ನಮ್ಮ ಬೈರಾಪಟ್ಟಣದಲ್ಲಿ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಪಶುಪತಿನಾಥನ ದರ್ಶನ ಆಯಿತೇ? ಹಿಮಾಲಯ ಕಂಡಿತೇ? ಎರಡೂ ಇಲ್ಲ. ನಾವು ಹೋದದ್ದು ಆ ದೇಶದ ದಕ್ಷಿಣದ ಬಯಲಿಗೆ. ಅಲ್ಲಿ ಬೆಟ್ಟ ಅನ್ನುವುದು ಉತ್ತರ ದಿಕ್ಕಿನಲ್ಲಿ ಒಂದು ನೀಲಿ ಗೆರೆಯಂತೆ. ನಾವಿದ್ದಷ್ಟು ದಿನವೂ ಆ ದಿಕ್ಕಿಗೆ ಮೋಡ ಕವಿದು ಆ ಗೆರೆಯೂ ಕಾಣಲಿಲ್ಲ. ಕೆಸರು ತುಳಿದು, ಜಿಗಣೆ ಕಚ್ಚಿಸಿಕೊಂಡು, ಮೊದಲೇ ಇದ್ದ ಮಂಡಿನೋವನ್ನು ಹೆಚ್ಚು ಮಾಡಿಕೊಂಡು ಬಂದೆ. ಹುಡುಕಲು ಹೋದದ್ದು ಒಂದು ಹಿಡಿಯಷ್ಟು ಗಾತ್ರದ ಹಕ್ಕಿಯನ್ನು ಅಂದರೆ ಕೇಳಿದವರು ಸುಮ್ಮನಾಗುತ್ತಾರೆ. ವಿವರಿಸಿ ಹೇಳುವ ಚೈತನ್ಯ ನನಗೂ ಆಗ ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಉಯ್ಯಂಬಳ್ಳಿ

ನಾನು ರಾಮನಗರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ವಯಸ್ಸು ಐವತ್ತನಾಲ್ಕು. ಬೆಂಗಳೂರಿನ ಒಂದು ಸಣ್ಣ ತಂಡದ ಜೊತೆ ನಾಲ್ಕು ವರ್ಷದಿಂದ ನವರಂಗ ಹಕ್ಕಿಯ ಬೆನ್ನು ಹತ್ತಿದ್ದೇನೆ. ಹಸಿರು ಬೆನ್ನು, ರೆಕ್ಕೆಯಲ್ಲಿ ಒಂದು ತುಂಡು ನೀಲಿ, ಬಾಲದ ಕೆಳಗೆ ಕುಂಕುಮದಂತಹ ಕೆಂಪು, ಕಣ್ಣಿಗೆ ಕಾಡಿಗೆ ಎಳೆದಂತಹ ಕಪ್ಪು ಪಟ್ಟೆ. ಇಷ್ಟು ಬಣ್ಣ ಇದ್ದರೂ ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ಅದು ಪೊದೆಯ ನೆರಳಿನಲ್ಲಿ ನೆಲದ ಮೇಲೆಯೇ ಕುಪ್ಪಳಿಸುತ್ತಾ ಒಣ ಎಲೆ ತಿರುವಿ ಹುಳು ತಿನ್ನುವ ಹಕ್ಕಿ. ಚಳಿಗಾಲಕ್ಕೆ ನಮ್ಮ ಕಡೆ ಬರುತ್ತದೆ, ಬೇಸಿಗೆ ಬಲಿಯುವ ಹೊತ್ತಿಗೆ ಉತ್ತರಕ್ಕೆ ಹೋಗುತ್ತದೆ. ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲೆಲ್ಲಿ ಇಳಿದು ದಣಿವಾರಿಸಿಕೊಳ್ಳುತ್ತದೆ ಅನ್ನುವುದನ್ನು ನೋಡಿದವರು ತೀರಾ ಕಡಿಮೆ.

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯ ಕಡೆ ಹಳ್ಳದಂಚಿನ ಪೊದೆಗಳಲ್ಲಿ ಇದನ್ನು ನನಗೆ ಮೊದಲು ತೋರಿಸಿದವರು ಬೀರಣ್ಣ. ಅರವತ್ತು ದಾಟಿದ ಮನುಷ್ಯ, ಒಂದಿಷ್ಟು ಹೊಲ, ಒಂದು ಮಂದೆ ಕುರಿ. ಅವರ ಬಾಯಲ್ಲಿ ಇದಕ್ಕೆ ನವರಂಗ ಅನ್ನುವ ಹೆಸರಿಲ್ಲ, "ಎಲೆ ತಿರುವೋ ಹಕ್ಕಿ" ಅಷ್ಟೇ. ಕುರಿ ಮೇಯಿಸುತ್ತಾ ಎಲೆಯ ಸದ್ದಿನಲ್ಲೇ ಅದು ಹಕ್ಕಿಯೋ ಓತಿಕ್ಯಾತವೋ ಹೇಳಿಬಿಡುತ್ತಾರೆ.

ಕಳೆದ ಮಾರ್ಚಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು ಬಲೆ ಕಟ್ಟಿ ನಾಲ್ಕು ಹಕ್ಕಿ ಹಿಡಿದೆವು. ಬೀರಣ್ಣ ಅವನ್ನು ಅಂಗೈಯಲ್ಲಿ ಮಲಗಿಸಿ ಹಿಡಿದುಕೊಂಡರು, ನಾನು ಕಾಲಿಗೆ ಉಂಗುರ ತೊಡಿಸಿ, ಬೆನ್ನಿಗೆ ಟ್ಯಾಗ್ ಕಟ್ಟಿದೆ. ಟ್ಯಾಗ್ ಅಂದರೆ ಹುಣಸೆಬೀಜದ ಗಾತ್ರದ ಒಂದು ಯಂತ್ರ. ತೊಡೆಗಳ ಸುತ್ತ ಹಾಯುವ ಎರಡು ಕುಣಿಕೆಗಳ ಮೇಲೆ ಅದು ಬೆನ್ನಿನಲ್ಲಿ ಕೂರುತ್ತದೆ. ಬಿಸಿಲು ತಾಕಿದಾಗ ಉಪಗ್ರಹಕ್ಕೆ ತಾನಿರುವ ಜಾಗ ತಿಳಿಸುತ್ತದೆ. ಏಪ್ರಿಲ್ ಕಳೆಯುವುದರೊಳಗೆ ಮೂರು ಟ್ಯಾಗುಗಳು ಮೌನವಾದವು. ನಾಲ್ಕನೆಯದು ಮಾತ್ರ ಅಲ್ಲೊಮ್ಮೆ ಇಲ್ಲೊಮ್ಮೆ ಸುದ್ದಿ ಕೊಡುತ್ತಾ ಆಂಧ್ರ ದಾಟಿ, ಗಂಗೆ ದಾಟಿ, ನೇಪಾಳದ ಕಾಡಂಚಿಗೆ ಹೋಗಿ ನಿಂತಿತು. ಆಮೇಲೆ ಒಂದು ಬದಲಾವಣೆ. ದಿನವೂ ಸಂಕೇತ ಬರತೊಡಗಿತು. ಬೆಳಿಗ್ಗೆಯಿಂದ ಸಂಜೆವರೆಗೆ, ಬಲವಾಗಿ, ಒಂದೇ ಜಾಗದಿಂದ.

ತಂಡದ ಮುಖ್ಯಸ್ಥರನ್ನು ನಾವೆಲ್ಲ ಸರ್ ಅನ್ನುತ್ತೇವೆ. ಅವರಿಗೆ ಬಹಳ ಸಂತೋಷವಾಯಿತು. "ಗೂಡು ಕಟ್ಟಿದೆ ಮೇಡಂ, ಅದಕ್ಕೇ ಕದಲುತ್ತಿಲ್ಲ" ಅಂದರು. ನಾನೂ ಹೌದೆಂದೆ. ಜೂನ್ ರಜೆಯಲ್ಲಿ ಇಬ್ಬರೂ ಹೋಗಿ ನೋಡುವುದೆಂದು ಆಯಿತು. ಹೊರಡುವ ವಾರ ಸರ್ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟ ಹಿಡಿದು ಮಲಗಿದರು. ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಮೂರು ವಾರ ತಿದ್ದಿ ಕಣ್ಣೆಲ್ಲ ಉರಿಯುತ್ತಿದ್ದ ನನಗೆ, ಒಳ್ಳೆಯದೇ ಆಯಿತು, ಹೋಗುವುದು ತಪ್ಪಿತು ಅನ್ನಿಸಿದ್ದು ಸುಳ್ಳಲ್ಲ. ಬೀರಣ್ಣನಿಗೆ ಫೋನ್ ಮಾಡಿ ಹೇಳಿದೆ.

"ನಾನು ಬತ್ತೀನಿ ಬುಡಿ ಮೇಡಮ್ಮೋರೆ" ಅಂದರು. "ಕುರಿಯ ನಮ್ ತಮ್ಮ ನೋಡ್ಕತಾನೆ. ಇಲ್ಲಿಂದ ಹೋದದ್ದು ಎಲ್ಲಿಗೆ ಹೋಯ್ತು ಅಂತ ಒಂದ್ಸಲನಾದ್ರೂ ನೋಡ್ಬ್ಯಾಡ್ವಾ?"

ಅವರ ಹೆಂಡತಿ ರಾಮನಗರದ ಬಸ್ ನಿಲ್ದಾಣದವರೆಗೂ ಬಂದು ರಾಗಿಹಿಟ್ಟಿನ ಚೀಲವೊಂದನ್ನು ನನ್ನ ಕೈಗೇ ಕೊಟ್ಟರು. "ಟೈಮಿಗೆ ಮುದ್ದೆ ಬೀಳ್ನಿಲ್ಲ ಅಂದ್ರೆ ಇವ್ರಿಗೆ ತಲೆನೋವು ಬತ್ತದೆ ಕಣವ್ವ. ಒಸಿ ನೋಡ್ಕಳಿ." ಆಗಲಿ ಅಂದೆ.

ರೈಲು

ಗೋರಖಪುರದ ರೈಲಿನಲ್ಲಿ ಎರಡು ಹಗಲು ಕಳೆಯುವುದನ್ನು ವಿವರಿಸಿದರೆ ಓದುವವರಿಗೂ ಬೆನ್ನು ಹಿಡಿದುಕೊಳ್ಳುತ್ತದೆ. ಒಂದು ಸಂಗತಿ ಮಾತ್ರ ಹೇಳುತ್ತೇನೆ. ನಾಗಪುರ ದಾಟಿದ ಮೇಲೆ ಎದುರು ಸೀಟಿನವರು ತಮ್ಮ ತಗಡಿನ ಪೆಟ್ಟಿಗೆಯನ್ನು ಸೀಟಿನ ಕೆಳಗೆ ತಳ್ಳಿದರು. ರಾಗಿಹಿಟ್ಟಿನ ಚೀಲ ಒಡೆಯಿತು. ಫ್ಯಾನಿನ ಗಾಳಿಗೆ ಹಿಟ್ಟು ಎದ್ದು ಅಲ್ಲಿದ್ದ ನಾವಷ್ಟೂ ಜನ ಬೂದು ಬಣ್ಣಕ್ಕೆ ತಿರುಗಿದೆವು. ಒಬ್ಬ ಅಜ್ಜಿ ಅದನ್ನು ಬೆರಳಲ್ಲಿ ಮುಟ್ಟಿ ನೋಡಿ ಯಾವ ದೇವರ ವಿಭೂತಿ ಎಂದು ಕೇಳಿದರು. ಬೀರಣ್ಣ ನೆಲದ ಮೇಲಿನ ಹಿಟ್ಟನ್ನೇ ನೋಡುತ್ತಾ ಕೂತಿದ್ದರು. ಅವರ ಹೆಂಡತಿಗೆ ಕೊಟ್ಟ ಮಾತು ಅಲ್ಲಿಗೆ ಮುಗಿಯಿತು.

ಉತ್ತರ ಪ್ರದೇಶದ ಬಯಲು ಶುರುವಾದ ಮೇಲೆ ಅವರು ಕಿಟಕಿಯಿಂದ ಮುಖ ತೆಗೆಯಲಿಲ್ಲ. "ಒಂದ್ ಬಂಡೆನೂ ಇಲ್ವಲ್ಲ ಮೇಡಮ್ಮೋರೆ. ದನ ಕಾಯೋರು ಎಲ್ ಕುಂತ್ಕತಾರೆ?" ಅಂದರು. ರಾಮನಗರದಿಂದ ಮಾಗಡಿವರೆಗೆ ಎತ್ತ ತಿರುಗಿದರೂ ಬಂಡೆ ಕಾಣುವ ನಮಗೆ ಆ ಚಪ್ಪಟೆ ನೆಲ ನೋಡಿ ನೋಡಿ ಒಂದು ಬಗೆಯ ಸುಸ್ತು ಬರುತ್ತದೆ. ಕಣ್ಣಿಗೆ ಊರಿಕೊಳ್ಳಲು ಏನೂ ಸಿಗುವುದಿಲ್ಲ.

ನಾನು ಫೋನಿನಲ್ಲಿ ನಕ್ಷೆ ತೆಗೆದು ಸಂಕೇತ ಬರುತ್ತಿರುವ ಜಾಗ ತೋರಿಸಿದೆ. ಬೆಳಿಗ್ಗೆ ಆರರಿಂದ ಸಂಜೆವರೆಗೂ ಬರುತ್ತದೆ ಅಂದೆ. ಬೀರಣ್ಣ ಕಿಟಕಿಯಾಚೆಯ ಬಿಸಿಲಿನತ್ತ ನೋಡಿದರು.

"ಬಿಸ್ಲು ಬಿದ್ರೆ ತಾನೇ ಅದು ಮಾತಾಡೋದು?"

"ಹೌದು."

"ಇದು ಬಿಸ್ಲಿಗೆ ಕೂರೋ ಹಕ್ಕಿ ಅಲ್ವಲ್ಲ ಮೇಡಮ್ಮೋರೆ."

ನಾನು ಫೋನ್ ಆಫ್ ಮಾಡಿದೆ. ಹಕ್ಕಿ ಬದುಕಿಲ್ಲವೇನೋ ಅನ್ನುವ ಆ ಮಾತು ನನ್ನೊಳಗೆ ಎರಡು ವಾರದಿಂದ ಇತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ಸರ್ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಗಡಿ

ಗಡಿ ದಾಟುವುದು ನಾನಂದುಕೊಂಡಷ್ಟು ದೊಡ್ಡ ಕೆಲಸವಾಗಿರಲಿಲ್ಲ. ಒಂದು ಕಮಾನು, ಧೂಳು, ಸಾಲುಗಟ್ಟಿದ ಲಾರಿ, ತಲೆ ಮೇಲೆ ಮೂಟೆ ಹೊತ್ತು ಸಂತೆಗೆ ಹೋಗುವಂತೆ ವಿದೇಶಕ್ಕೆ ಹೋಗಿಬರುವ ಹೆಂಗಸರು. ನಾವೂ ನಡೆದೇ ದಾಟಿದೆವು. ಬೀರಣ್ಣ ಒಮ್ಮೆ ಹಿಂತಿರುಗಿ ನೋಡಿ, "ಇಷ್ಟೇಯಾ?" ಅಂದರು. ಚೀಟಿ ಬರೆದುಕೊಟ್ಟ ಪೊಲೀಸಿನವನು ಗಡಿಯಾರ ಸರಿಮಾಡಿಕೊಳ್ಳಿ ಅಂದ; ನೇಪಾಳದ ಸಮಯ ನಮಗಿಂತ ಕಾಲು ಗಂಟೆ ಮುಂದೆ. ಬೀರಣ್ಣ ತಮ್ಮ ಹಳೆಯ ಕೈಗಡಿಯಾರದ ಮುಳ್ಳನ್ನು ತಿರುಗಿಸಲು ಒಪ್ಪಲಿಲ್ಲ. ವಾಪಸ್ ಬರುವಾಗ ಮತ್ತೆ ತಿರುಗಿಸಬೇಕಲ್ಲ, ಹೋಗೋದು ಬರೋದು ಎರಡು ಕೆಲಸ ಯಾಕೆ ಅಂದರು. ಹೀಗಾಗಿ ಅಲ್ಲಿದ್ದಷ್ಟು ದಿನವೂ ಅವರು ಉಯ್ಯಂಬಳ್ಳಿಯ ಸಮಯದಲ್ಲಿದ್ದರು, ನಾನು ನೇಪಾಳದ ಸಮಯದಲ್ಲಿದ್ದೆ.

ಬಸ್ಸಿನಲ್ಲಿ ಸೀಟಿಗೊಂದು ಪ್ಲಾಸ್ಟಿಕ್ ಚೀಲ ಕೊಟ್ಟರು. ತಿಂಡಿ ಇರಬೇಕೆಂದುಕೊಂಡೆ. ರಸ್ತೆ ತಿರುವುಗಳು ಶುರುವಾದ ಮೇಲೆ ಅದು ವಾಂತಿಗೆ ಎಂದು ತಿಳಿಯಿತು.

ಕಾಡಂಚಿನ ಹಳ್ಳಿ, ಮೊದಲ ಎರಡು ದಿನ

ಆ ಹಳ್ಳಿಯ ಹೆಸರು ಬರೆಯುವುದಿಲ್ಲ. ಹಕ್ಕಿ ಹಿಡಿದು ಮಾರುವವರಿಗೆ ದಾರಿ ತೋರಿಸಿದಂತಾಗುತ್ತದೆ. ಹೆದ್ದಾರಿಯ ಪಕ್ಕದ ಒಂದು ಮನೆಯ ಮಹಡಿಯಲ್ಲಿ ಎರಡು ಕೋಣೆ ಸಿಕ್ಕವು. ಅಲ್ಲಿನವರು ಬೆಳಿಗ್ಗೆ ಹತ್ತಕ್ಕೆ ಹೊಟ್ಟೆ ತುಂಬ ಅನ್ನ, ಬೇಳೆ, ಸೊಪ್ಪು ತಿನ್ನುತ್ತಾರೆ. ಮತ್ತೆ ಸಂಜೆ ಅದನ್ನೇ ತಿನ್ನುತ್ತಾರೆ. ನಡುವೆ ಒಂದಿಷ್ಟು ಅವಲಕ್ಕಿ. "ಈ ಊರ್ನಾಗೆ ಮಧ್ಯಾಹ್ನ ಅನ್ನೋದೇ ಇಲ್ವಾ?" ಎಂದು ಬೀರಣ್ಣ ದಿನವೂ ಒಂದೂವರೆಗೆ ಸರಿಯಾಗಿ ಕೇಳುತ್ತಿದ್ದರು. ತಲೆನೋವೂ ಸರಿಯಾಗಿ ಆಗಲೇ ಬರುತ್ತಿತ್ತು.

ನಕ್ಷೆಯಲ್ಲಿ ಸಂಕೇತದ ಜಾಗ ಒಂದು ಸಣ್ಣ ಕೆರೆಯಷ್ಟು ಅಗಲದ ವೃತ್ತ. ಅದರಲ್ಲಿ ಅರ್ಧ ಸಾಲವೃಕ್ಷಗಳ ಕಾಡು, ಅರ್ಧ ಹಳ್ಳಿ. ನಾನು ಕಾಡನ್ನೇ ಹಿಡಿದೆ. ಎರಡು ದಿನ ಒದ್ದೆ ಎಲೆಗಳ ಮೇಲೆ ನಡೆದೆವು. ನವರಂಗಗಳು ಅಲ್ಲಿದ್ದವು. ನಮ್ಮಲ್ಲಿ ಬೆಳಗಿನ ಜಾವ, ಸಂಜೆ ಒಂದೊಂದು ಸಲ ಮೆಲ್ಲಗೆ ಸಿಳ್ಳು ಹಾಕಿ ಸುಮ್ಮನಾಗುವ ಹಕ್ಕಿ, ಅಲ್ಲಿ ಮರದ ಮೇಲೆ ಹತ್ತಿ ತಲೆ ಹಿಂದಕ್ಕೆ ಚೆಲ್ಲಿ ಬಿಡದೆ ಕೂಗುತ್ತಿತ್ತು. "ನಮ್ಮೂರಾಗೆ ನೆಂಟ್ರಂಗೆ ಇರ್ತದೆ, ಇಲ್ಲಿ ಮನೆ ಯಜಮಾನ್ರಂಗೆ ಮಾತಾಡ್ತದೆ" ಅಂದರು ಬೀರಣ್ಣ. ಆದರೆ ಕಂಡ ಯಾವ ಹಕ್ಕಿಯ ಕಾಲಿಗೂ ಉಂಗುರ ಇರಲಿಲ್ಲ, ಬೆನ್ನಿಗೆ ಟ್ಯಾಗ್ ಇರಲಿಲ್ಲ. ಎರಡನೇ ದಿನ ನಾನು ಒಂದು ಕೊರಕಲಿನಲ್ಲಿ ಕೂತವಳು ಏಳಲಾಗದೆ, ಕಾಲಿಗಂಟಿದ ಜಿಗಣೆಗಳನ್ನು ಕೀಳಲೂ ಕೈ ಬಾರದೆ ಹಾಗೇ ಕೂತುಬಿಟ್ಟೆ. ಬೀರಣ್ಣ ಉಪ್ಪಿನ ಪೊಟ್ಟಣ ಬಿಚ್ಚಿ ಒಂದೊಂದಾಗಿ ಬಿಡಿಸಿದರು.

"ಊರೊಳಗೆ ನೋಡಾಣ ಮೇಡಮ್ಮೋರೆ" ಅಂದರು. "ಇಲ್ಲಿ ನೆಲದ್ ಮ್ಯಾಲೆ ಒಂದ್ ಬಟ್ಲಗಲ ಬಿಸ್ಲೂ ಬೀಳಾಕಿಲ್ಲ."

ನನಗೆ ಬೇಡವಾಗಿತ್ತು. ಕಾಡಿನಲ್ಲಿ ಸಿಗದಿದ್ದರೆ ಸಿಗಲಿಲ್ಲ ಎಂದು ಹೇಳಬಹುದಿತ್ತು.

ಮೂರನೇ ದಿನ

ಹಳ್ಳಿಯ ಮನೆಗಳು ಮಣ್ಣು ಮೆತ್ತಿದ ಗೋಡೆಯವು. ಕೆಲವು ಗೋಡೆಗಳ ಮೇಲೆ ನವಿಲು, ಆನೆಗಳನ್ನು ಕೈಯಲ್ಲೇ ಉಬ್ಬಿಸಿ ಮಾಡಿದ್ದರು. ನಮ್ಮ ಹಳ್ಳಿಗಳಲ್ಲಿ ಸಂಜೆ ಹೊತ್ತು ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿದಾಗ ಮಳೆ ಹನಿದಂತಹ ಸದ್ದು ಬರುತ್ತದಲ್ಲ, ಅಲ್ಲಿ ಅಂಥದ್ದಿಲ್ಲ, ಬಾತುಕೋಳಿಗಳ ಗದ್ದಲ. ಆರನೆಯದೋ ಏಳನೆಯದೋ ಮನೆಯಲ್ಲಿ ಆಡಿನ ಕೊಟ್ಟಿಗೆಯ ಮುಂದೆ ಒಂದು ಬಿದಿರಿನ ಗಳ ನೆಟ್ಟಿದ್ದರು. ಅದರ ತುದಿಯಲ್ಲಿ ಕೆಂಪು ಬಟ್ಟೆಯ ಚೂರು. ಬಟ್ಟೆಯ ಕೆಳಗೆ, ಬಿಸಿಲಿಗೆ ಮುಖ ಮಾಡಿ, ನನ್ನ ಟ್ಯಾಗ್.

ಬೀರಣ್ಣ ಚಪ್ಪಲಿ ಬಿಟ್ಟು ನಿಂತರು. ಯಾಕೆ ಬಿಟ್ಟರೋ ಗೊತ್ತಿಲ್ಲ.

ಮನೆಯೊಳಗಿಂದ ಒಬ್ಬ ಹೆಂಗಸು ಬಂದರು. ಹೆಸರು ಫೂಲ್‌ಮತಿ, ನನ್ನಷ್ಟೇ ವಯಸ್ಸು. ಅವರ ಮನೆಮಾತು ಥಾರೂ. ನನ್ನ ಮುರುಕು ಹಿಂದಿ, ಅವರ ಮುರುಕು ಹಿಂದಿ, ಎರಡೂ ಸೇರಿ ಒಂದು ಭಾಷೆಯಾಯಿತು. ನಾನು ಗಳದ ತುದಿ ತೋರಿಸಿದೆ. ಅವರಿಗೆ ಸಮಾಧಾನವಾದಂತೆ ಕಂಡಿತು.

"ಬಂದ್ರಾ ದೀದಿ? ಯಾರದೋ ಸಾಮಾನು, ಹುಡುಕ್ಕೊಂಡು ಬರ್ತಾರೆ, ಬಂದವರಿಗೆ ಕಾಣಲಿ ಅಂತ ಎತ್ತರಕ್ಕೆ ಕಟ್ಟಿದೆ."

ಹಕ್ಕಿ ಎಲ್ಲಿ ಎಂದು ಕೇಳಲು ನನ್ನಿಂದ ಆಗಲಿಲ್ಲ. ಬೀರಣ್ಣ ಕನ್ನಡದಲ್ಲೇ ಕೇಳಿದರು, ಕೈಯನ್ನು ರೆಕ್ಕೆಯಂತೆ ಮಾಡಿ. ಫೂಲ್‌ಮತಿಗೆ ಅರ್ಥವಾಯಿತು. ನಮ್ಮನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಅಲ್ಲಿ ಕಾಡಿಗೆ ಅಂಟಿಕೊಂಡಂತೆ ಮುಳ್ಳುಬೇಲಿ.

ಒಂದು ಬೆಳಿಗ್ಗೆ ಆಡಿಗೆ ಸೊಪ್ಪು ಕೊಯ್ಯಲು ಹೋದಾಗ ಬೇಲಿಯಲ್ಲಿ ಏನೋ ಪಟಪಟ ಅಂದಿತಂತೆ. ಹಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ಬೆನ್ನಿನ ಕುಣಿಕೆ ಸಡಿಲಗೊಂಡು ಮುಳ್ಳಿಗೆ ಸಿಕ್ಕಿಕೊಂಡಿತ್ತು. ಬಿಡಿಸಿಕೊಳ್ಳಲು ಒದ್ದಾಡಿ ಒಂದು ಕಾಲಿನ ಚರ್ಮ ಕಿತ್ತಿತ್ತು. ಬಾಯಿ ತೆರೆದೇ ಇತ್ತು. ಫೂಲ್‌ಮತಿ ಸೆರಗಲ್ಲಿ ಹಿಡಿದುಕೊಂಡು, ಕುಡುಗೋಲಿನ ತುದಿಯಿಂದ ದಾರ ಕತ್ತರಿಸಿದರು. ಬುಟ್ಟಿಯಡಿ ಇಟ್ಟು, ಗಾಯಕ್ಕೆ ಅರಿಶಿನ ಹಚ್ಚಿ, ಗೆದ್ದಲು ಹಾಕಿದರು. ಮೊದಲ ದಿನ ತಿನ್ನಲಿಲ್ಲ. ಮರುದಿನ ತಿಂದಿತು. ಮೂರನೇ ದಿನ ಬುಟ್ಟಿ ಎತ್ತಿದರೆ ಕುಂಟಿಕೊಂಡು ಬೇಲಿಯೊಳಗೆ ನುಗ್ಗಿ ಕಾಡಿಗೆ ಹೋಯಿತು.

"ಕಾಲಲ್ಲಿ ಉಂಗುರವೂ ಇತ್ತು. ಅದು ನೋಯುತ್ತಿರಲಿಲ್ಲ, ಬಿಟ್ಟೆ" ಅಂದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು. "ಇದನ್ನು ಯಾರು ಕಟ್ಟಿದ್ದು ದೀದಿ?"

ಆ ಪ್ರಶ್ನೆಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು.

"ನಾನು" ಅಂದೆ.

"ಯಾಕೆ?"

"ಎಲ್ಲಿಗೆ ಹೋಗುತ್ತೆ ಅಂತ ತಿಳಿಯೋಕೆ."

ಅವರು ತಲೆಯಾಡಿಸಿದರು. ಒಪ್ಪಿದ್ದೋ ಬರೀ ಕೇಳಿಸಿಕೊಂಡದ್ದೋ ಗೊತ್ತಾಗಲಿಲ್ಲ. ಒಳಗೆ ಹೋಗಿ ಕತ್ತರಿಸಿದ ಕುಣಿಕೆಯನ್ನೂ ತಂದುಕೊಟ್ಟರು. ಅದನ್ನೂ ಬಿಸಾಡಿರಲಿಲ್ಲ. ನಾನು ಜಗಲಿಯ ಮೇಲೆ ಕೂತು ದಾರದ ತುದಿಗಳನ್ನು ಸೇರಿಸಿ ಅಳತೆ ನೋಡಿದೆ. ನಾನು ಕಟ್ಟಿದ ಅಳತೆಯೇ, ದಾರ ಹಿಗ್ಗಿರಲಿಲ್ಲ. ಹಿಗ್ಗದೆ ಸಡಿಲವಾದದ್ದು ಹೇಗೆ? ಉತ್ತರ ಹೊಳೆಯಲು ತುಂಬ ಹೊತ್ತು ಬೇಕಾಗಲಿಲ್ಲ. ಮಾರ್ಚಿನ ಕೊನೆಯಲ್ಲಿ ದೂರ ಹೋಗಲಿರುವ ಹಕ್ಕಿ ತಿಂದು ತಿಂದು ಕೊಬ್ಬು ಕೂಡಿಸಿಕೊಂಡಿರುತ್ತದೆ. ನಾನು ಆ ದಪ್ಪನೆಯ ಹಕ್ಕಿಗೆ ಅಳತೆ ತೆಗೆದೆ. ಉಯ್ಯಂಬಳ್ಳಿಯಿಂದ ಅಲ್ಲಿಯವರೆಗೆ ಹಾರಿ ಅದು ಮೂಳೆ ಚರ್ಮವಾಗಿ ಇಳಿಯಿತು. ಇಪ್ಪತ್ತೈದು ವರ್ಷ ಪಾಠ ಮಾಡಿದವಳಿಗೆ, ವಲಸೆ ಹಕ್ಕಿಯ ಕೊಬ್ಬಿನ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆ ಕೇಳುವವಳಿಗೆ, ಕುಣಿಕೆ ಕಟ್ಟುವಾಗ ಅದು ನೆನಪಾಗಲಿಲ್ಲ.

ಬೀರಣ್ಣನಿಗೆ ಬಿಡಿಸಿ ಹೇಳಿದೆ. ಅವರು ಆಡಿನ ಮರಿಯೊಂದರ ಕೊರಳಿನ ಹಗ್ಗದೊಳಗೆ ಎರಡು ಬೆರಳು ತೂರಿಸಿ ನೋಡುತ್ತಾ ಕೂತಿದ್ದರು.

"ಆ ಇನ್ ಮೂರು ಹಕ್ಕಿ?" ಅಂದರು.

ಆ ಮೂರರ ಬ್ಯಾಟರಿ ಕೆಟ್ಟಿರಬೇಕು ಎಂದು ನಾನು ಎಲ್ಲರಿಗೂ ಹೇಳಿದ್ದೆ. ಬೀರಣ್ಣನಿಗೂ ಹೇಳಿದ್ದೆ.

"ಗೊತ್ತಿಲ್ಲ ಬೀರಣ್ಣ" ಅಂದೆ. ಫೂಲ್‌ಮತಿ ತಂದಿಟ್ಟ ಮೆಣಸು ಹಾಕಿದ ಚಹಾ ಆರಿ ಕೆನೆಗಟ್ಟಿತು.

ಆಮೇಲಿನ ದಿನಗಳು

ಉಳಿದ ನಾಲ್ಕು ದಿನಗಳಲ್ಲಿ ಒಂದನ್ನು ಬಿಟ್ಟು ದಿನವೂ ಉಂಗುರದ ಕಾಲಿನ ಹಕ್ಕಿಯನ್ನು ಹುಡುಕಿದೆವು. ಫೂಲ್‌ಮತಿ ಬೆಳಗಿನ ಕೆಲಸ ಮುಗಿಸಿ ನಮ್ಮ ಜೊತೆ ಬರುತ್ತಿದ್ದರು. ಅವರೂ ಬೀರಣ್ಣನೂ ಭಾಷೆಯಿಲ್ಲದೆ ಸಲೀಸಾಗಿ ಮಾತಾಡಿಕೊಳ್ಳುತ್ತಿದ್ದರು. ಕಾಲು ಬಾತ ಒಂದು ಆಡನ್ನು ಬೀರಣ್ಣ ಕೆಡವಿ, ಗೊರಸಿನ ಸಂದಿಯಿಂದ ಮುಳ್ಳು ತೆಗೆದು ಬೇವಿನೆಣ್ಣೆ ಕೇಳಿದರು. ಫೂಲ್‌ಮತಿ ಸಾಸಿವೆ ಎಣ್ಣೆ ತಂದರು. "ಇದೂ ಆಯ್ತದೆ ಬುಡವ್ವ" ಅಂದರು ಇವರು.

ಒಂದು ಬೆಳಿಗ್ಗೆ ಒಂದು ಗೂಡು ಕಂಡಿತು. ಮರದ ಬುಡದಲ್ಲಿ ಒಣ ಎಲೆ, ಕಡ್ಡಿಗಳ ಉಂಡೆ. ಎರಡು ಹಕ್ಕಿ ಸರದಿಯ ಮೇಲೆ ಬಂದು ಹೋಗುತ್ತಿದ್ದವು. ನಾನು ಬೈನಾಕ್ಯುಲರಿನಲ್ಲಿ ನಾಲ್ಕು ಕಾಲುಗಳನ್ನೂ ಒಂದೊಂದಾಗಿ ನೋಡಿದೆ. ನಾಲ್ಕೂ ಬರಿಗಾಲು. ಬೀರಣ್ಣ ನನ್ನ ಕಡೆ ನೋಡಿದರು, ನಾನು ಇಲ್ಲವೆಂದು ತಲೆಯಾಡಿಸಿದೆ. ಅಲ್ಲಿಂದ ಮೆಲ್ಲಗೆ ಹಿಂದೆ ಸರಿದೆವು.

ಐದನೇ ದಿನ ಮಳೆ ಹಿಡಿಯಿತು. ಊರಿನ ಜನವೆಲ್ಲ ನಾಟಿಗೆ ಗದ್ದೆಗಿಳಿದರು. ಫೂಲ್‌ಮತಿಗೆ ನಮ್ಮ ಜೊತೆ ಬರಲು ಆಗುವುದಿಲ್ಲ ಎಂದು ಹೇಳಲು ಸಂಕೋಚ. ಬೀರಣ್ಣನೇ ಪಂಚೆ ಎತ್ತಿ ಕಟ್ಟಿ ಗದ್ದೆಗಿಳಿದರು. ರಾಗಿ ಬೆಳೆಯುವ ಮನುಷ್ಯ, ಭತ್ತದ ನಾಟಿ ಅಷ್ಟಾಗಿ ಬಾರದು. ಅವರು ನೆಟ್ಟ ಸಾಲು ಸೊಟ್ಟಗಾಗಿ ಹೆಂಗಸರೆಲ್ಲ ನಕ್ಕರು. ನಾನು ಬದುವಿನ ಮೇಲೆ ಪೈರಿನ ಕಟ್ಟು ಎತ್ತಿಕೊಡುತ್ತಾ ನಿಂತೆ. ಬಗ್ಗಲು ಮಂಡಿ ಬಿಡಲಿಲ್ಲ. ಅಂದು ನಾವು ಹಕ್ಕಿಯನ್ನು ಹುಡುಕಲಿಲ್ಲ.

ಹೊರಡುವ ದಿನ ಫೂಲ್‌ಮತಿ ಅಕ್ಕಿಹಿಟ್ಟನ್ನು ಹಬೆಯಲ್ಲಿ ಬೇಯಿಸಿ ಮಾಡಿದ ಉದ್ದನೆಯ ಕಡುಬುಗಳನ್ನು ಕಟ್ಟಿಕೊಟ್ಟರು. ಬಸ್ಸಿನವರೆಗೂ ಬಂದರು. ಉಂಗುರದ ಹಕ್ಕಿ ಕಂಡರೆ ಹೇಳಿಕಳಿಸುತ್ತೇನೆ ಅನ್ನಲಿಲ್ಲ. ಸುಮ್ಮನೆ ನನ್ನ ತೋಳು ಹಿಡಿದು, "ಈಗ ಗೊತ್ತಾಯಿತಲ್ಲ ದೀದಿ, ಎಲ್ಲಿಗೆ ಬರುತ್ತೆ ಅಂತ" ಅಂದರು.

ವಾಪಸ್ಸು

ಗೋರಖಪುರದ ಪ್ಲಾಟ್‌ಫಾರ್ಮಿನಿಂದ ಸರ್‌ಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

"ಟ್ಯಾಗ್ ಕಳಚಿ ಬಿದ್ದಿದೆ ಅಂತ ವರದಿಯಲ್ಲಿ ಬರೆದರೂ ಸುಳ್ಳಾಗಲ್ಲ ಮೇಡಂ" ಅಂದರು. "ನೀವು ಹೇಳೋ ಹಾಗೆ ಬರೆದರೆ ಮುಂದಿನ ಅನುಮತಿ ಸಿಗೋದು ಕಷ್ಟ. ಇನ್ನೂ ಆರು ಟ್ಯಾಗ್ ಇವೆ."

"ಅದೇ ಅಳತೆಯಲ್ಲಿ ಇನ್ಯಾರೋ ಬೇರೆ ಕಡೆ ಕಟ್ಟುತ್ತಾ ಇರಬಹುದು ಸರ್."

ಅವರೂ ದಣಿದಿದ್ದರು. ಸೊಂಟದ ನೋವಿಗೆ ನಡುನಡುವೆ ಉಸಿರೆಳೆದುಕೊಳ್ಳುವುದು ಕೇಳಿಸುತ್ತಿತ್ತು. "ಸರಿ, ಬರೆಯಿರಿ. ನಾನೂ ಸಹಿ ಹಾಕ್ತೀನಿ. ಈ ವರ್ಷ ಯಾವ ಹಕ್ಕಿಗೂ ಕಟ್ಟೋದು ಬೇಡ" ಅಂದರು.

ರೈಲು ಹೊರಟ ಮೇಲೆ ಮಡಿಲಲ್ಲಿ ಹಾಳೆಗಳನ್ನು ಇಟ್ಟುಕೊಂಡು ಬರೆಯಲು ಕೂತೆ. ಕಟ್ಟಿದ ದಿನ ಹಕ್ಕಿಯ ತೂಕ ಎಷ್ಟಿತ್ತು, ಕುಣಿಕೆಯ ಅಳತೆ, ಮುಳ್ಳಿನ ಬೇಲಿ, ಕಾಲಿನ ಗಾಯ. ಉಳಿದ ಮೂರರ ಬಗ್ಗೆ ನನಗೆ ತಿಳಿಯದು, ಇದೇ ಗತಿ ಆಗಿರಬಹುದು ಎಂದೂ ಬರೆದೆ. ನಮೂನೆಯ ಕೊನೆಯಲ್ಲಿ "ಕಟ್ಟಿದವರು" ಅನ್ನುವ ಕಡೆ ನನ್ನ ಹೆಸರು ಹಾಕಿದೆ. ಬಿಡಿಸಿದವರು ಅನ್ನಲು ಅದರಲ್ಲಿ ಜಾಗವಿರಲಿಲ್ಲ. ಪೆನ್ನಿನಲ್ಲಿ ಒಂದು ಗೆರೆ ಎಳೆದು ಫೂಲ್‌ಮತಿಯ ಹೆಸರನ್ನೂ ಅವರ ಹಳ್ಳಿಯನ್ನೂ ಬರೆದೆ.

ಬೀರಣ್ಣ ಪಕ್ಕದಲ್ಲಿ ಕಡುಬು ಮುರಿಯುತ್ತಾ ನೋಡುತ್ತಿದ್ದರು. ಕನ್ನಡ ನಿಧಾನವಾಗಿ ಓದುತ್ತಾರೆ. ಕಟ್ಟಿದವರು ಅನ್ನುವಲ್ಲಿ ಬೆರಳಿಟ್ಟರು.

"ಇಲ್ಲಿ ನನ್ ಹೆಸ್ರು ಯಾಕಿಲ್ಲ?"

"ತಪ್ಪು ನನ್ನದು ಬೀರಣ್ಣ. ಅಳತೆ ತೆಗೆದವಳು ನಾನು."

"ಹಕ್ಕಿ ಹಿಡ್ಕಂಡಿದ್ದೋನು ನಾನು. ಅದ್ರ ಎದೆ ಬಡ್ಕಳೋದು ನನ್ ಕೈಗೆ ಗೊತ್ತಾಯ್ತಿತ್ತು. ನಾನೂ ಏನೂ ಅನ್ನಿಲ್ಲ. ಬರೀರಿ."

ನಾನು ಬರೆಯದೆ ಕೂತೆ. ಅವರು ಕೈ ಒರೆಸಿಕೊಂಡು, ಪೆನ್ನನ್ನು ನನ್ನ ಬೆರಳುಗಳ ನಡುವೆ ಸರಿಯಾಗಿ ಇಟ್ಟರು. ನಾನು ಬೀರಣ್ಣ ಎಂದು ಬರೆಯಲು ಶುರುಮಾಡಿದೆ.

"ಬೀರಣ್ಣ ಅಂತ ಬ್ಯಾಡಿ" ಅಂದರು. "ಬೀರೇಗೌಡ, ಉಯ್ಯಂಬಳ್ಳಿ ಅಂತ ಪೂರ್ತಿ ಹಾಕಿ. ನಾಳೆ ಯಾರಾರ ಕೇಳ್ಕಂಡು ಬಂದ್ರೆ ನಾನೇ ಅಂತ ಗೊತ್ತಾಗ್ಬೇಕು."